ಒಂಬತ್ತನೆಯ ಇಂಗಿತ

ನಾಯಿಗೆ ಹೇಸಿಗೆ ಎಂಬುದಿಲ್ಲ. ಸತ್ತ ಹೆಗ್ಗಣದ ಮೇಲೆ ಅದು ಖುಷಿಯಿಂದ ಹೊರಳಾಡುತ್ತದೆ. ಬೇರೆ ನಾಯಿಯ ಹಿಂಬದಿ ಮೂಸಿ ಯೋಗಕ್ಷೇಮ ವಿಚಾರಿಸುತ್ತದೆ. ತಾನೇ ಕಕ್ಕಿದ್ದನ್ನು ಎರಡು ನಿಮಿಷ ಬಿಟ್ಟು ತಿನ್ನುತ್ತದೆ. ಕಹಿಗೆ ಮುಖ ತಿರುಗಿಸಬಹುದು, ನಿಂಬೆಸಿಪ್ಪೆಗೆ ಸೀನಬಹುದು, ಅಷ್ಟೆ. ಇಪ್ಪತ್ತೆರಡು ವರ್ಷ ನಾಯಿಗಳ ನಡವಳಿಕೆಯನ್ನೇ ಓದಿದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಯಂತ್ರದ ಪಟ್ಟಿಗೆ ‘ಜುಗುಪ್ಸೆ’ ಎಂಬ ಪದ ಸೇರಿದಾಗ ಸಹಿ ಹಾಕಿದೆ.

ಯಂತ್ರದ ಹೆಸರು ‘ಇಂಗಿತ’. ಒಂದು ಕೊರಳಪಟ್ಟಿ, ಬಾಗಿಲ ಮೇಲೆ ಒಂದು ಕ್ಯಾಮೆರಾ. ಪಟ್ಟಿಯ ಒಳಮೈಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಆರು ಸಂವೇದಕಗಳಿದ್ದು ಕತ್ತಿನ ಸ್ನಾಯುಗಳ ಬಿಗಿತ, ಎದೆಬಡಿತ, ಉಸಿರು ಇವನ್ನು ಅಳೆಯುತ್ತವೆ. ಕ್ಯಾಮೆರಾ ಕಿವಿ, ತುಟಿ, ಬಾಲ, ಬೆನ್ನ ಮೇಲಿನ ಕೂದಲು, ಯಾವ ಕಾಲಿನ ಮೇಲೆ ಭಾರ ಬಿದ್ದಿದೆ ಎಂಬುದನ್ನೆಲ್ಲ ನೋಡುತ್ತದೆ. ಮನೆಗಳಿಂದ ತರಿಸಿದ ಹನ್ನೊಂದು ಸಾವಿರ ವಿಡಿಯೊ ತುಣುಕುಗಳಿಗೆ ಮನುಷ್ಯರು ಕೊಟ್ಟ ಹೆಸರುಗಳನ್ನು ನೋಡಿ ನೋಡಿ ಯಂತ್ರ ಕಲಿತಿದೆ. ಎದುರಿಗಿರುವವರನ್ನು ಕಂಡು ನಾಯಿಗೆ ಏನನ್ನಿಸಿತು ಎಂಬುದನ್ನು ಒಂದು ಪದದಲ್ಲಿ, ಒಂದು ಅಂಕಿಯಲ್ಲಿ, ಒಂದು ಬಣ್ಣದಲ್ಲಿ ಫೋನಿಗೆ ಕಳಿಸುತ್ತದೆ; ಒಗ್ಗಿದರೆ ಹಸಿರು, ಒಗ್ಗದಿದ್ದರೆ ಕೆಂಪು.

ಇದನ್ನು ಶುರುಮಾಡಿದಾಗ ಉದ್ದೇಶ ಒಳ್ಳೆಯದಿತ್ತು. ಹೆದರಿದ ನಾಯಿ ಕಚ್ಚುವ ಮೊದಲು ಹತ್ತು ಸಲ ಹೇಳಿರುತ್ತದೆ. ತುಟಿ ನೆಕ್ಕುತ್ತದೆ, ನಿದ್ದೆ ಬರದಿದ್ದರೂ ಆಕಳಿಸುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಂಚಿನಲ್ಲಿ ನೋಡುತ್ತದೆ. ಆಗ ಕಣ್ಣಿನ ಬಿಳಿ ಕತ್ತರಿಸಿದ ಉಗುರಿನಷ್ಟು ಕಾಣುತ್ತದೆ. ನಾವು ಬಾಲವೊಂದನ್ನೇ ನೋಡುತ್ತೇವೆ. ಅಲ್ಲಾಡುವ ಬಾಲವೆಲ್ಲ ಸಂತೋಷ ಎಂದು ನಂಬಿ ಕೈಚಾಚಿದ ಮಕ್ಕಳ ಮುಖದ ಮೇಲಿನ ಹೊಲಿಗೆಗಳನ್ನು ನಾನು ಎಣಿಸಿದ್ದೇನೆ. ಅಂಥ ಹೊಲಿಗೆ ಕಡಿಮೆಯಾಗಲಿ ಎಂದು ಎಂಟು ಪದ ಮಾಡಿದೆವು: ಸಂತೋಷ, ಕುತೂಹಲ, ಆಟ, ನೆಮ್ಮದಿ, ಸಂಕೋಚ, ಭಯ, ಸಿಟ್ಟು, ನೋವು.

ಒಂಬತ್ತನೆಯದನ್ನು ಕೇಳಿದ್ದು ಗಿರಾಕಿಗಳು. ನಮ್ಮ ಪ್ರಯೋಗಾಲಯದ ನಿರ್ದೇಶಕ ಕರುಂಬಯ್ಯನವರು ನಗುತ್ತ ಬಂದು ಹೇಳಿದ್ದರು: “ಒಂದು ಸೇರಿಸಿಬಿಡಿ ಇಂದುಮತಿ. ಒಂಬತ್ತಾದರೆ ನವರಸ ಅಂತ ಹೇಳಿಕೊಳ್ಳಬಹುದು.”

“ನಾಯಿಗೆ ಅದು ಇಲ್ಲ ಸರ್.”

“ತಗೊಳ್ಳೋರಿಗೆ ಇದೆಯಲ್ಲ.”

ನಾನೂ ನಕ್ಕೆ.

ಮೈಸೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಂಗಿತ ಒಂದೇ ವರ್ಷದಲ್ಲಿ ಹಬ್ಬಿತು. ‘ನಾಯಿ ಸುಳ್ಳು ಹೇಳುವುದಿಲ್ಲ’ ಎಂಬುದು ಜಾಹೀರಾತು. ನಮ್ಮ ಅಪಾರ್ಟ್‌ಮೆಂಟಿನ ಅರವತ್ತನಾಲ್ಕು ಮನೆಗಳಲ್ಲಿ ಮೂವತ್ತೊಂದು ನಾಯಿಗಳಿದ್ದವು. ಸಂಘದವರು ಒಂದು ನಿಯಮ ಮಾಡಿದರು. ಕೆಲಸಕ್ಕೆ ಬರುವವರ ಮೇಲೆ ತಿಂಗಳಲ್ಲಿ ಮೂರು ಮನೆಯ ನಾಯಿಗಳು ಕೆಂಪು ತೋರಿಸಿದರೆ ಅವರ ಹೆಸರು ಭಾನುವಾರದ ಸಭೆಗೆ ಬರುತ್ತದೆ. ಯಾರೂ ಯಾರನ್ನೂ ದೂರಬೇಕಿಲ್ಲ, ಮುಜುಗರವಿಲ್ಲ.

ನಿಯಮ ಬಂದ ವಾರದ ಗುರುವಾರ ಬೆಳಿಗ್ಗೆ ಏಳೂವರೆಗೆ ಕರೆಗಂಟೆ ಬಡಿಯಿತು. ಒಳಗಿನಿಂದ ಅತ್ತೆ ಕೂಗಿದರು: “ಇಂದೂ, ದೇವೀರಿ ಬಂದ್ಲು. ಗೋಧೀನ ಹಿಡ್ಕೋ.”

ಗೋಧಿ ನಮ್ಮ ನಾಯಿ. ಬೀದಿಯಿಂದ ತಂದದ್ದು, ಗೋಧಿ ಬಣ್ಣದ್ದು. ದೇವೀರಮ್ಮ ಕಸ ಒಯ್ಯುವವಳು, ಕಟ್ಟಡದ ಮೋರಿಗಳ ಮುಚ್ಚಳ ತೆಗೆದು ಹೂಳೆತ್ತುವವಳೂ ಅವಳೇ. ನಾನು ಎಡಗೈಯಲ್ಲಿ ಗೋಧಿಯ ಪಟ್ಟಿ ಹಿಡಿದು, ಬಾಗಿಲು ತೆರೆದು, ಬಲಗಾಲಿನಿಂದ ಕಸದ ಬಕೆಟ್ಟನ್ನು ಹೊಸಿಲಾಚೆ ತಳ್ಳಿದೆ. ಫೋನು ಟಿಣ್ ಎಂದಿತು. ಕೆಂಪು. ಜುಗುಪ್ಸೆ, ಎಂಬತ್ತಮೂರು.

ದೇವೀರಮ್ಮ ಆ ಸದ್ದನ್ನು ಗುರುತಿಸುತ್ತಿದ್ದಳು. “ಕೆಂಪಾ ಅಕ್ಕೋರೆ?”

“ಹೂಂ.”

“ಈ ತಿಂಗ್ಳಲ್ಲಿ ಇದು ಮೂರ್ನೇ ಮನೆ. ಭಾನ್ವಾರ ಮೀಟಿಂಗ್‌ಗೆ ಹಾಕ್ತಾರೆ ನನ್ನ ಹೆಸ್ರ. ಇಲ್ಲಿ ಬ್ಯಾಡ ಅಂದ್ರೆ ಕಂಟ್ರಾಕ್ಟ್‌ನೋರು ಹನ್ನೆಲ್ಡು ಬಿಲ್ಡಿಂಗಲ್ಲೂ ಕಿತ್ತಾಕ್ತಾರೆ. ಹನ್ನೊಂದು ವರ್ಸ ಆಯ್ತು ಕನವ್ವ ನಾನು ಬರಕ್ಕಿಡ್ದು. ಈ ವಯಸ್ಸಲ್ಲಿ ಹೊಸ್ದಾಗಿ ಯಾರು ಕರೀತಾರೆ?”

“ಹೇಳೋದು ಯಂತ್ರ ದೇವೀರಮ್ಮ, ನಾನಲ್ಲ.”

“ಯಂತ್ರ ಮಾಡ್ದೋರು ನೀವೇಯಂತೆ, ವಾಚ್‌ಮನ್ ಅಂದ.” ಅವಳು ಗೋಧಿಯನ್ನು ನೋಡಿದಳು. “ಬೀದೀಲಿ ಸಿಕ್ಕುದ್ರೆ ಇದು ನನ್ನ ಗಾಡಿ ಹಿಂದೇನೆ ಬತ್ತದೆ. ಕಾಲು ನೆಕ್ತದೆ. ನಿಮ್ಮ ಹೊಸ್ಲಲ್ಲಿ ನಿಂತಾಗ್ಲೇ ಇದ್ಕೆ ಅದ್ಯಾನೋ ಬಂದ್ಬುಡ್ತದೆ.”

ಅತ್ತೆ ಒಳಗಿನಿಂದಲೇ ಹೇಳಿದರು: “ಮೈಗೆಲ್ಲ ಗಲೀಜು ಮೆತ್ಕೊಂಡ್ ಬಂದ್ರೆ ನಾಯಿ ತಾನೇ ಏನ್ ಮಾಡುತ್ತೆ?”

“ನಿಮ್ಮನೇದೇ ಅಲ್ವೇನಮ್ಮ,” ಎಂದು ದೇವೀರಮ್ಮ ಬಕೆಟ್ಟೆತ್ತಿದಳು. “ನಾನೇನು ನಮ್ಮನೆಯಿಂದ ತಂದಿದ್ನಾ?”

ನಮ್ಮ ಮನೆಯದೇ ಮೂರನೆಯ ಕೆಂಪು ಎಂಬುದು ದಿನವಿಡೀ ತಲೆಯಿಂದ ಹೋಗಲಿಲ್ಲ. ಬೀದಿಯಲ್ಲಿ ಕಾಲು ನೆಕ್ಕುವ ನಾಯಿ ಹೊಸಿಲಲ್ಲಿ ಹೇಸುವುದು ಹೇಗೆ? ಮನುಷ್ಯರೂ ಇಷ್ಟು ಬೇಗ ಬದಲಾಗುವುದಿಲ್ಲ.

ಮರುದಿನ ಪ್ರಯೋಗಾಲಯದ ಹಿತ್ತಲಲ್ಲಿ ಕ್ಯಾಮೆರಾದ ಕೆಳಗೆ ಆರು ಪೆಟ್ಟಿಗೆ ಇಡಿಸಿದೆ. ಒಂದರಲ್ಲಿ ಕೊಳೆತ ಮೀನು, ಒಂದರಲ್ಲಿ ಮೋರಿಯ ಹೂಳು, ಒಂದರಲ್ಲಿ ಮೂರು ದಿನದ ಹಿಂದೆ ಸತ್ತ ಇಲಿ. ಉಳಿದ ಮೂರರಲ್ಲಿ ಮಲ್ಲಿಗೆ, ಊದುಬತ್ತಿ, ಗಂಧದ ಸೋಪು. ನಮ್ಮಲ್ಲಿದ್ದ ಹನ್ನೆರಡು ನಾಯಿಗಳನ್ನು ಒಂದೊಂದಾಗಿ ಬಿಟ್ಟೆ. ಎಲ್ಲವೂ ಮಲ್ಲಿಗೆಯನ್ನು ಒಮ್ಮೆ ಮೂಸಿ ಮುಂದೆ ಹೋದವು. ಊದುಬತ್ತಿಗೆ ಎರಡು ಸೀನಿದವು. ಹೂಳಿನ ಪೆಟ್ಟಿಗೆಯ ಬಳಿ ಹನ್ನೆರಡಕ್ಕೆ ಹನ್ನೆರಡೂ ನಿಂತವು. ಸರಾಸರಿ ನಾಲ್ಕು ನಿಮಿಷ. ಮೈ ಸಡಿಲ, ಕಿವಿ ಮುಂದಕ್ಕೆ, ಬಾಯಿ ತೆರೆದು ನಾಲಗೆ ಒಂದು ಪಕ್ಕಕ್ಕೆ. ಯಂತ್ರವೂ ಪ್ರಾಮಾಣಿಕವಾಗಿ ಹಸಿರು ತೋರಿಸಿತು: ಕುತೂಹಲ, ಸಂತೋಷ, ಸಂತೋಷ.

ಕರುಂಬಯ್ಯನವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಂದರು. “ಇದೇನ್ರೀ ಇದು, ನರಕ.”

ಅವರನ್ನು ಕಂಡು ಮಾರ ಎಂಬ ಕಪ್ಪು ನಾಯಿ ಹೂಳು ಮೆತ್ತಿದ ಮೂತಿಯೊಂದಿಗೆ ಪ್ರೀತಿಯಿಂದ ಓಡಿತು. ಅವರ ಬಿಳಿ ಪ್ಯಾಂಟಿಗೆ ಇನ್ನೊಂದು ಮಾರು ಇದೆ ಎನ್ನುವಾಗ ನಾನು ಪಟ್ಟಿ ಹಿಡಿದೆಳೆದೆ. ಮಾರನ ಕಿವಿ ಹಿಂದಕ್ಕೆ ಮಲಗಿತು. ತುಟಿ ನೆಕ್ಕಿತು. ಹಿಂಗಾಲಿಗೆ ಭಾರ ಹಾಕಿ ಮುಖ ತಿರುಗಿಸಿತು. ಫೋನು ಟಿಣ್ ಎಂದಿತು.

“ಏನಂತೆ?” ಎಂದರು ಕರುಂಬಯ್ಯ.

“ಜುಗುಪ್ಸೆ. ಎಪ್ಪತ್ತೊಂಬತ್ತು.”

“ನನ್ನ ಮೇಲಾ?”

ಅವರು ಗಟ್ಟಿಯಾಗಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ಪಟ್ಟಿ ಬಿಟ್ಟೆ; ಅಂಕಿ ಎರಡೇ ಸೆಕೆಂಡಿನಲ್ಲಿ ಕರಗಿ ‘ಸಂತೋಷ’ವಾಯಿತು. ಮತ್ತೆ ಹಿಡಿದೆ, ಮತ್ತೆ ಕೆಂಪು. ಇದನ್ನು ಆರು ನಾಯಿಗಳ ಮೇಲೆ ಮಾಡಿದೆ. ನಾಯಿಯ ಮುಂದೆ ಯಾರಿದ್ದಾರೆ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಹಿಡಿದ ಕೈಯೊಂದೇ ಲೆಕ್ಕಕ್ಕೆ ಬಂತು. ಪಟ್ಟಿ ಬಿಗಿದಾಗ ನಾಯಿ ತಿಳಿಯುವುದಿಷ್ಟೆ: ನನ್ನ ಒಡತಿಗೆ ಏನೋ ಸರಿಯಿಲ್ಲ, ನಾನೇನೋ ತಪ್ಪು ಮಾಡುತ್ತಿದ್ದೇನೆ, ದಯವಿಟ್ಟು ಸುಮ್ಮನಾಗು. ಆ ಇಂಗಿತ ಹೋಗುವುದು ಹೊಸಿಲಾಚೆ ನಿಂತವರಿಗಲ್ಲ, ಪಟ್ಟಿ ಹಿಡಿದವರಿಗೆ.

ಸಂಜೆ ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದೆ: “ನಿಮ್ಮ ತಂಗಿ ಬಂದಾಗ ಗೋಧೀನ ಹಿಡ್ಕೊಳ್ಳಿ ಅಂತ ನೀವು ಅನ್ನೋದಿಲ್ಲ. ಕೊರಿಯರ್‌ನವರು ಬಂದಾಗ್ಲೂ ಅನ್ನೋದಿಲ್ಲ. ದೇವೀರಮ್ಮ ಬಂದಾಗ ಮಾತ್ರ ಯಾಕೆ?”

“ಗೊತ್ತಿಲ್ದೋಳ ಹಾಗೆ ಕೇಳ್ತೀಯಲ್ಲ. ಅವಳನ್ನ ಮುಟ್ಟಿ ಬಂದು ಸೋಫಾ ಹತ್ತುತ್ತೆ. ಆಮೇಲೆ ದೇವರ ಮನೆ ಬಾಗಿಲಲ್ಲಿ ಹೋಗಿ ಮಲಗುತ್ತೆ.”

“ಇಲಿ ಮುಟ್ಟಿ ಬಂದಾಗ?”

“ಇಲಿ ಬೇರೆ.”

“ನಿಮ್ಮಿಂದ ಅವಳ ಕೆಲಸ ಹೋಗುತ್ತೆ ಅತ್ತೆ.”

ಅತ್ತೆ ಒಂದು ಕಾಯಿಯ ಹುಳ ತೆಗೆದು ಬದಿಗಿಟ್ಟರು. “ನಾನು ಬಾಯಲ್ಲಿ ಹೇಳಿದೆ, ಅಷ್ಟೆ. ಹಿಡಿದದ್ದು ನೀನು.”

ಶನಿವಾರ ರಜೆಯಿದ್ದರೂ ಪ್ರಯೋಗಾಲಯಕ್ಕೆ ಹೋದೆ. ಯಂತ್ರಕ್ಕೆ ಕಲಿಸಿದ ತುಣುಕುಗಳ ದಾಖಲೆಯಲ್ಲಿ ನಾಯಿಯ ತಳಿ, ವಯಸ್ಸು, ತೂಕ, ಬೆಳಕು, ಉಷ್ಣತೆ, ನೆಲ ಟೈಲ್ಸಿನದೋ ಸಿಮೆಂಟಿನದೋ ಎಂಬುದರವರೆಗೆ ಮೂವತ್ತನಾಲ್ಕು ಅಂಕಣಗಳಿದ್ದವು. ‘ನಾಯಿಯನ್ನು ಹಿಡಿದಿದ್ದಾರೆಯೇ, ಬಿಟ್ಟಿದ್ದಾರೆಯೇ’ ಎಂಬ ಅಂಕಣ ಇರಲಿಲ್ಲ. ಅದನ್ನು ಬರೆಯಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ನಮ್ಮೆಲ್ಲರ ಮನೆಗಳಲ್ಲೂ ಅದು ಹಾಗೇ ನಡೆಯುತ್ತದೆ. ಉಸಿರಾಡಿದ್ದನ್ನು ಯಾರೂ ಬರೆದಿಡುವುದಿಲ್ಲ.

ನಾನೇ ಕೂತು ಎಣಿಸಿದೆ. ಕಸದವರು, ಮೋರಿಯವರು, ಕಕ್ಕಸು ತೊಳೆಯುವವರು ಬಾಗಿಲಿಗೆ ಬಂದ ಇನ್ನೂರು ತುಣುಕುಗಳಲ್ಲಿ ನೂರ ತೊಂಬತ್ತೊಂದರಲ್ಲಿ ನಾಯಿಯನ್ನು ಹಿಡಿಯಲಾಗಿತ್ತು. ನೆಂಟರು ಬಂದ ಇನ್ನೂರರಲ್ಲಿ ಹಿಡಿದದ್ದು ಹದಿನಾಲ್ಕರಲ್ಲಿ, ಅದೂ ರೇಷ್ಮೆ ಸೀರೆ ಉಳಿಸಲು. ಆ ಹದಿನಾಲ್ಕರಲ್ಲೂ ಕಿವಿ ಹಿಂದೆ, ತುಟಿ ನೆಕ್ಕುವಿಕೆ, ಹಿಂಗಾಲ ಭಾರ, ಕಣ್ಣಿನ ಬಿಳಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವುಗಳ ಕೆಳಗೆ ಬರೆದಿದ್ದ ಹೆಸರು ‘ಸಂಕೋಚ’. ನೂರ ತೊಂಬತ್ತೊಂದರ ಕೆಳಗೆ ‘ಜುಗುಪ್ಸೆ’.

ಹೆಸರು ಕೊಟ್ಟವರು ಯಾರು ಎಂದು ನೋಡಿದೆ. ಸಂಬಳಕ್ಕಿದ್ದ ಹುಡುಗಿಯರು ಇರಬಹುದು, ಪಶುವೈದ್ಯ ವಿದ್ಯಾರ್ಥಿಗಳು ಇರಬಹುದು ಎಂದು ಒಳಗೊಳಗೇ ಆಸೆಯಿತ್ತು. ಆದರೆ ಅವರೆಲ್ಲ ನೋಡಿ ಕಲಿಯಲೆಂದು ಮೊದಲು ಒಂದು ಮಾದರಿ ಕಟ್ಟು ಸಿದ್ಧಪಡಿಸಿದ್ದೆವು, ನಾನೂರು ತುಣುಕುಗಳದ್ದು. ನಾನು ಎಣಿಸಿದ್ದು ಅದೇ ಕಟ್ಟನ್ನು. ಪ್ರತಿಯೊಂದರ ಕೊನೆಯಲ್ಲೂ ಎರಡು ಅಕ್ಷರ: ‘ಇಂ.ಮ.’ ನನ್ನ ರುಜು.

ಒಂದು ತುಣುಕನ್ನು ತೆರೆದೆ. ಹಸಿರು ಮೇಲಂಗಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ. ನಾಯಿ ಆಕೆಯತ್ತ ನೋಡುತ್ತಲೂ ಇಲ್ಲ. ತಲೆಯೆತ್ತಿ ತನ್ನನ್ನು ಹಿಡಿದವರ ಮುಖವನ್ನೇ ನೋಡುತ್ತಿದೆ. ಕೆಳಗೆ ನನ್ನ ಟಿಪ್ಪಣಿ: ‘ವಾಸನೆಗೆ ಸ್ಪಷ್ಟ ಹೇಸಿಗೆ, ಉತ್ತಮ ಉದಾಹರಣೆ.’ ಆ ತುಣುಕಿನಲ್ಲಿ ವಾಸನೆ ಎಲ್ಲಿಂದ ಬರಬೇಕು? ಪರದೆಯ ಮುಂದೆ, ಹವಾನಿಯಂತ್ರಿತ ಕೋಣೆಯಲ್ಲಿ, ಕಾಫಿ ಕುಡಿಯುತ್ತ ಕೂತಿದ್ದ ನನ್ನ ಮೂಗಿಗೆ ಬಂದಿತ್ತು ಅದು.

ಎದ್ದು ಹೋಗಿ ಬಚ್ಚಲಲ್ಲಿ ಮುಖ ತೊಳೆದೆ. ಆಮೇಲೆ ಗುರುವಾರ ನಮ್ಮ ಮನೆಯ ಬಾಗಿಲಿನ ಕ್ಯಾಮೆರಾ ತೆಗೆದದ್ದನ್ನೂ ನೋಡಿದೆ. ಕಾಲಿನಿಂದ ಬಕೆಟ್ ತಳ್ಳುವ ಒಬ್ಬ ಹೆಂಗಸು. ಅವಳ ಮೂಗಿನ ಬದಿಗಳು ಮೇಲೆದ್ದು ಮೇಲ್ದುಟಿ ಒಂದು ಕಡೆ ಸೊಟ್ಟಗಾಗುತ್ತದೆ. ಅದಾಗಿ ಅರ್ಧ ಸೆಕೆಂಡಿನ ನಂತರ ಅವಳ ಕೈ ಬಿಗಿಯುತ್ತದೆ. ಅದಾದ ಮೇಲೆ ನಾಯಿಯ ಕಿವಿ ಹಿಂದಕ್ಕೆ ಹೋಗುತ್ತದೆ. ಜುಗುಪ್ಸೆಯ ಇಂಗಿತಕ್ಕೆ ಅಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ಹನ್ನೊಂದು ಸಾವಿರ ತುಣುಕುಗಳಲ್ಲೂ ಇರಲಿಲ್ಲ.

ಕರುಂಬಯ್ಯನವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. “ಬರವಣಿಗೆಯಲ್ಲಿ ಕೊಡಿ, ಮುಂದಿನ ಆವೃತ್ತಿಯಲ್ಲಿ ನೋಡೋಣ,” ಎಂದರು.

“ನಾಳೆ ಒಬ್ಬಳ ಕೆಲಸ ಹೋಗುತ್ತೆ ಸರ್.”

“ನಿಮ್ಮ ಅಪಾರ್ಟ್‌ಮೆಂಟಿನವರಿಗೆ ನೀವೇ ಹೇಳಿ. ನಿಮ್ಮ ಮಾತು ಕೇಳದೆ ಇನ್ಯಾರದು ಕೇಳ್ತಾರೆ?”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಕೆಳಗಿನ ಸಭಾಂಗಣದಲ್ಲಿ ಸುಮಾರು ಐವತ್ತು ಜನ, ಉಪ್ಪಿಟ್ಟು, ಕೇಸರಿಬಾತು. ಸಂಘದ ಅಧ್ಯಕ್ಷ ರುಕ್ಮಾಂಗದ ಅವರು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಯಾರೊಂದಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ದೇವೀರಮ್ಮನನ್ನು ಹೊರಗೆ ಪಂಪ್ ಕೋಣೆಯ ಬಳಿ ಕಾಯಲು ಹೇಳಿದ್ದರು.

ನಾನು ಗೋಡೆಯ ಮೇಲೆ ತುಣುಕುಗಳನ್ನು ಹಾಕಿ ತೋರಿಸಿದೆ. ಹಿಡಿದ ನಾಯಿ, ಬಿಟ್ಟ ನಾಯಿ. ರೇಷ್ಮೆ ಸೀರೆ, ಹಸಿರು ಮೇಲಂಗಿ. ಕೊನೆಗೆ ನನ್ನದೇ ಮುಖವನ್ನು ನಿಧಾನಗತಿಯಲ್ಲಿ ಹಾಕಿದೆ. ಉಪ್ಪಿಟ್ಟಿನ ಚಮಚಗಳ ಸದ್ದು ನಿಂತಿತು. ಹೇಳಿದೆ: “ನಾಯಿಗೆ ದೇವೀರಮ್ಮನ ಮೇಲೆ ಏನೂ ಇಲ್ಲ. ಅದು ಹೆದರ್ತಿರೋದು ನನಗೆ. ಹೇಸಿಕೊಂಡಿರೋದು ನಾನು. ನಿಮ್ಮ ಮನೆಗಳಲ್ಲೂ ಇದೇ ಆಗಿದೆ. ಕೆಂಪು ತೋರಿಸ್ತಿರೋದು ನಮ್ಮನ್ನ.”

ಹಿಂದಿನ ಸಾಲಿನಲ್ಲಿ ಯಾರೋ, “ಮೇಡಂ ಮುಖ ಚೆನ್ನಾಗಿ ಬಂದಿದೆ,” ಎಂದರು. ಸಣ್ಣ ನಗು ಹರಿಯಿತು.

ರುಕ್ಮಾಂಗದ ಅವರು ಎದ್ದರು. “ಇಂದುಮತಿ ಮೇಡಂ ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ನಾವೆಲ್ಲ ಕೃತಜ್ಞರು. ನನಗೂ ಪಾಪ ಅನ್ನಿಸ್ತಿತ್ತು, ಮೂಕಪ್ರಾಣಿಯ ಮೇಲೆ ಭಾರ ಹಾಕಿ ಒಬ್ಬರನ್ನ ತೆಗೆಯೋದು ಸರಿಯಾ ಅಂತ. ಈಗ ಸ್ಪಷ್ಟವಾಯ್ತು. ನಾಯಿ ನಮ್ಮ ಮನಸ್ಸನ್ನೇ ಓದ್ತಾ ಇದೆ. ಮೂರು ಮನೆಯವರಿಗೆ ಅವಳಿಂದ ಮುಜುಗರ ಆಗ್ತಿದೆ, ಸೌಜನ್ಯಕ್ಕೆ ಬಾಯಿಬಿಟ್ಟು ಹೇಳ್ತಿರಲಿಲ್ಲ. ವಿಜ್ಞಾನವೇ ಅದನ್ನ ಹೇಳಿದ ಮೇಲೆ ನಾಯಿಯ ಹೆಸರು ಯಾಕೆ? ನಿವಾಸಿಗಳ ಹೆಸರಲ್ಲೇ ಆಗಲಿ.”

“ನಾನು ಹೇಳಿದ್ದು ಅದಲ್ಲ,” ಎಂದೆ.

“ಅರ್ಥ ಅದೇ ತಾನೇ ಮೇಡಂ?”

ತಪ್ಪು ಎಲ್ಲಿದೆ ಎಂದು ತೋರಿಸಬೇಕಿತ್ತು. ಅವರ ಮಾತಿನಲ್ಲಿ ಲೆಕ್ಕದ ತಪ್ಪು ಇರಲಿಲ್ಲ. ಒಂದು ಹೇಸಿಗೆ ಸಾಬೀತಾದರೆ ಹೇಸುವವರಿಗೆ ನಾಚಿಕೆಯಾಗುತ್ತದೆ ಎಂದು ನಾನು ಊಹಿಸಿದ್ದೆ. ಪ್ರಯೋಗವಿಲ್ಲದೆ ಮಾಡಿದ ಊಹೆ ಅದು. ಕೈ ಎತ್ತಿಸಿದರು. ದೇವೀರಮ್ಮನನ್ನು ತೆಗೆಯುವುದು ಬೇಡವೆಂದು ಎತ್ತಿದ್ದು ನಾನು, ಮೂರನೇ ಮಹಡಿಯ ಒಬ್ಬರು ನರ್ಸು. ಅತ್ತೆ ಎರಡೂ ಸಲ ಕೈ ಎತ್ತಲಿಲ್ಲ. ಕೇಸರಿಬಾತಿನ ತಟ್ಟೆ ನೋಡುತ್ತ ಕೂತಿದ್ದರು. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: ‘ನಿವಾಸಿಗಳ ಅಸಮಾಧಾನವನ್ನು ತಜ್ಞರು ವೈಜ್ಞಾನಿಕವಾಗಿ ದೃಢಪಡಿಸಿರುವುದರಿಂದ.’ ‘ತಜ್ಞರು ವೈಜ್ಞಾನಿಕವಾಗಿ’ ಎಂಬುದನ್ನು ಹೊಡೆದುಹಾಕಿ ಎಂದೆ. ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು ಎಂದರು.

ಮೇಲೆ ಹೋಗಿ ಗೋಧಿಯ ಪಟ್ಟಿ ಬಿಚ್ಚಿ, ಬರಿಗೊರಳಲ್ಲೇ ಕೆಳಗೆ ಕರೆತಂದೆ. ಏನು ತೋರಿಸಲು, ಯಾರಿಗೆ ತೋರಿಸಲು ಎಂದು ನನಗೂ ಗೊತ್ತಿರಲಿಲ್ಲ. ದೇವೀರಮ್ಮ ಪಂಪ್ ಕೋಣೆಯ ಮೆಟ್ಟಿಲ ಮೇಲೆ ಕೂತು ಕೈಗವಸುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ವಾಚ್‌ಮನ್ ಆಗಲೇ ಹೇಳಿಬಿಟ್ಟಿದ್ದ.

ಗೋಧಿ ಓಡಿಹೋಗಿ ಅವಳ ಮೊಣಕಾಲಿನ ಮೇಲೆ ಮುಂಗಾಲಿಟ್ಟಿತು. ಸೊಂಟ ಸಮೇತ ಇಡೀ ಮೈಯೇ ಬಾಲದ ಜೊತೆ ಅಲ್ಲಾಡುತ್ತಿತ್ತು. ದೇವೀರಮ್ಮ ಎರಡು ಕೈಯನ್ನೂ ಮೇಲೆತ್ತಿದಳು, ಮುಟ್ಟಲಿಲ್ಲ.

“ಒಳಕ್ ಕರ್ಕೊಳ್ಳಿ ಅಕ್ಕೋರೆ.”

“ಇರಲಿ ಬಿಡು ದೇವೀರಮ್ಮ.”

“ಬ್ಯಾಡ ಕನವ್ವ. ನನ್ನ ಮೂಸ್ಕಂಡು ಬಂದ್ ದಿನ ಇದ್ಕೆ ಸೋಪಾಕಿ ತೊಳೀತೀರಿ. ಮಾಗಿ ಚಳೀಲೂ ಬುಡಲ್ಲ. ಪಾಪ, ನಡುಗ್ತದೆ.”

ಕೇಳಬಾರದ್ದನ್ನು ಕೇಳಿದೆ: “ಯಾರು ಹೇಳಿದ್ರು?”

“ಯಾರ್ ಯೋಳ್ಬೇಕು? ನಿಮ್ಮ ಬಚ್ಚಲ ನೀರು ಬೀಳೋ ಮೋರಿಗೆ ಕೈ ಹಾಕೋಳು ನಾನೇ ಅಲ್ವಾ. ಬೀದೀಲಿ ಇದು ನನ್ನ ಕಾಲ್ ನೆಕ್ಕಿದ್ ಮದ್ಯಾನ ನೊರೆ ಬತ್ತಿತ್ತು, ಇದ್ರ ಕೂದ್ಲು ಬತ್ತಿತ್ತು. ನನಗೇನು ಫೋನ್ ಬೇಕಾ?”

ಅವಳು ಎದ್ದು, ಗೋಧಿಯ ಕಾಲು ತಾನಾಗಿ ಜಾರುವಂತೆ ಬದಿಗೆ ಸರಿದು, ಚೀಲವನ್ನು ಹೆಗಲಿಗೇರಿಸಿ ಗೇಟಿನತ್ತ ನಡೆದಳು. ನನ್ನಿಂದ ಏನನ್ನೂ ಕೇಳಲಿಲ್ಲ. ಗೋಧಿ ಅವಳ ಹಿಂದೆಯೇ ಗೇಟಿನವರೆಗೆ ಹೋಯಿತು. ಗೇಟು ಮುಚ್ಚಿಕೊಂಡ ಮೇಲೂ ಕಂಬಿಗಳ ನಡುವೆ ಮೂತಿ ತೂರಿಸಿ ನಿಂತಿತ್ತು.

“ಗೋಧಿ, ಬಾ,” ಎಂದು ಕರೆದೆ. ಆದಷ್ಟು ಮೆತ್ತಗೆ ಕರೆದೆ.

ಅದು ತಿರುಗಿತು. ನಾನು ಬರಿಗೈಯಲ್ಲಿ ಹತ್ತು ಮಾರು ದೂರದಲ್ಲಿದ್ದೆ. ಅದರ ಕೊರಳಲ್ಲಿ ಪಟ್ಟಿ ಇರಲಿಲ್ಲ, ಮೇಲೆ ಕ್ಯಾಮೆರಾ ಇರಲಿಲ್ಲ. ಕಿವಿಗಳು ನಿಧಾನವಾಗಿ ಹಿಂದಕ್ಕೆ ಮಲಗಿದವು. ಒಮ್ಮೆ ತುಟಿ ನೆಕ್ಕಿತು. ಹಿಂಗಾಲು ಕುಗ್ಗಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನ ಆ ತೆಳುವಾದ ಬಿಳಿಯಿಂದ ನನ್ನನ್ನು ನೋಡುತ್ತ, ಹೊಟ್ಟೆ ನೆಲಕ್ಕೆ ತಾಗುವಂತೆ ಒಂದೊಂದೇ ಹೆಜ್ಜೆ ಇಡುತ್ತ ಸ್ನಾನಕ್ಕೆ ಬಂತು.